ಎರಡು ಅಡ್ರೆಸ್ ಬಾರ್

“ಅಜ್ಜಿ, ಫೋನಲ್ಲಿ ನಿನ್ನ ಪುಟಗಳನ್ನೆಲ್ಲ ಯಾರು ಮುಚ್ಚಿದ್ದು?” ಎಂದು ಯೆರುತಿ ಕೇಳಿದಳು.

ಡಿಗ್ನಾ ಅಜ್ಜಿ ತಲೆ ಎತ್ತಲಿಲ್ಲ. ಅವಳ ಕೈಯಲ್ಲಿ ಅರ್ಧ ಮುಗಿದ ಮಣ್ಣಿನ ಒಂಟೆಯಿತ್ತು. ಡಿಸೆಂಬರ್ ಹತ್ತಿರವಾದರೆ ಅರೆಗ್ವಾ ಊರಿನಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ. ಕ್ರಿಸ್ಮಸ್ ಗೋದಲಿಗೆ ಬೇಕಾದ ಕುರಿ, ಕತ್ತೆ, ಒಂಟೆ, ರಾಜರು ಎಲ್ಲರೂ ಇಲ್ಲಿನ ಅಂಗಳಗಳಲ್ಲೇ ಹುಟ್ಟಬೇಕು. ಕೈಯೆಲ್ಲ ಮಣ್ಣಾಗಿದ್ದರಿಂದ ಅಜ್ಜಿ ಫೋನನ್ನು ಮೊಮ್ಮಗಳಿಗೆ ಕೊಟ್ಟು, ನೀನೇ ನನ್ನ ಪಾಸ್‌ವರ್ಡ್ ಹಾಕು ಅಂದಿದ್ದಳು.

“ಯಾರೂ ಮುಚ್ಚಿಲ್ಲ. ನಾನು ಯಾವತ್ತಾದ್ರೂ ಮುಚ್ಚಿದ್ದುಂಟಾ?”

ಅದೂ ನಿಜವೇ. ಒಮ್ಮೆ ತೆರೆದ ಪುಟವನ್ನು ಮುಚ್ಚುವುದೆಂದರೆ ಅಜ್ಜಿಗೆ ಮನೆಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದಂತೆ. ಫೋನಿನ ಅಡ್ರೆಸ್ ಬಾರ್ ಪಕ್ಕದಲ್ಲಿ, ಎಷ್ಟು ಪುಟ ತೆರೆದಿವೆ ಎಂದು ತೋರಿಸುವ ಪುಟ್ಟ ಚೌಕವೊಂದಿದೆ. ಅಜ್ಜಿಯ ಪುಟಗಳು ನೂರು ದಾಟಿದ ಮೇಲೆ ಫೋನಿಗೂ ಎಣಿಸಿ ಸುಸ್ತಾಗಿ, ಅಲ್ಲಿ ಅಂಕಿಯ ಬದಲು ಒಂದು ನಗುಮುಖ ಬಂದು ಕೂತಿತ್ತು. ಯೆರುತಿ ಎಷ್ಟೋ ಸಲ ಅದನ್ನು ತೋರಿಸಿ ಅಜ್ಜಿಯನ್ನು ಗೇಲಿ ಮಾಡಿದ್ದಳು. ಈಗ ನೋಡಿದರೆ ಆ ಚೌಕದಲ್ಲಿ ನಾಲ್ಕು ಎಂದಿದೆ.

“ಬೇಗ ಹಾಕೇ ಹುಡುಗಿ,” ಎಂದಳು ಪಕ್ಕದ ಮನೆಯ ಪೆಟ್ರೋನತ್ತೆ. ಅವಳೂ ಮಣ್ಣಿನ ಗೊಂಬೆ ಮಾಡುವವಳೇ. “ನಾನು ಬೆಳಿಗ್ಗೇನೇ ಹಾಕಿದೆ. ಬೀಗದ ಗುರುತಿದೆ, ನಮ್ಮ ಸಂತೆ ಹೆಸರಿದೆ. ಇನ್ನೇನು ಬೇಕು?”

ಗೊಂಬೆ ಮಾಡುವವರ ಗ್ರೂಪಿಗೆ ಬೆಳಿಗ್ಗೆ ಒಂದು ಲಿಂಕ್ ಬಂದಿತ್ತು. ಗೊಂಬೆ ಮಾರುವ ನಿಮ್ಮ ಪೇಜಿನ ಪಾಸ್‌ವರ್ಡ್ ಹಾಕಿದರೆ, ಡಿಸೆಂಬರ್ ಸಂತೆಯಲ್ಲಿ ರಸ್ತೆ ಬದಿಯ ಜಾಗ ನಿಮಗೇ ಎಂದು ಅದರಲ್ಲಿತ್ತು. ರಸ್ತೆ ಬದಿಯ ಜಾಗ ಅಂದರೆ ಸುಮ್ಮನೆ ಅಲ್ಲ. ಆದರೆ ಪೇಜ್ ಅಂದರೆ ಅದಕ್ಕಿಂತ ಹೆಚ್ಚು. ಅಜ್ಜಿ ಇಷ್ಟು ವರ್ಷ ಮಾಡಿದ ಗೊಂಬೆಗಳ ಫೋಟೋಗಳು, ಈ ವರ್ಷದ ಆರ್ಡರುಗಳು, ಕೇಳಿದವರ ಹೆಸರುಗಳು, ಎಲ್ಲ ಇದ್ದದ್ದು ಅದರಲ್ಲೇ. ಪೇಜ್ ಹೋದರೆ ಕ್ರಿಸ್ಮಸ್ಸೇ ಹೋದ ಹಾಗೆ.

ಯೆರುತಿ ಫೋನ್ ಕೆಳಗಿಟ್ಟು, ಕೊಂಬಿನ ಲೋಟದಲ್ಲಿದ್ದ ಸೊಪ್ಪಿನ ಪುಡಿಯ ಮೇಲೆ ತಣ್ಣೀರು ಸುರಿದು ಪೆಟ್ರೋನತ್ತೆಗೆ ಕೊಟ್ಟಳು. ಎಲ್ಲರಿಗಿಂತ ಚಿಕ್ಕವಳಾದ್ದರಿಂದ ತೆರೆರೆ ಎಂಬ ಈ ತಣ್ಣನೆಯ ಪಾನೀಯ ಹಂಚುವ ಕೆಲಸ ಅವಳದು. ಎಲ್ಲರಿಗೂ ಸೇರಿ ಒಂದೇ ಲೋಟ, ಒಂದೇ ಕೊಳವೆ. ಹಿಂದಿನವರು ಕುಡಿದ ಕೊಳವೆಯನ್ನು ಯಾರೂ ಒರೆಸುವುದಿಲ್ಲ. ಒರೆಸಿದರೆ ನಿಮ್ಮ ಬಾಯಿ ಕೊಳಕು ಎಂದು ಮುಖಕ್ಕೇ ಹೇಳಿದಂತಾಗುತ್ತದೆ.

ಪೆಟ್ರೋನತ್ತೆ ಸರಿಯಿದೆ ಎಂದ ಮೇಲೂ ಕೆದಕುವುದು ಯೆರುತಿಗೆ ಆ ಕೊಳವೆ ಒರೆಸಿದ ಹಾಗೇ ಅನಿಸಿತು. ಆದರೆ ಆ ನಾಲ್ಕು ಅವಳನ್ನು ಬಿಡಲಿಲ್ಲ. ಉಳಿದ ಪುಟಗಳೆಲ್ಲ ಎಲ್ಲಿಗೆ ಹೋದವು?

ಅವಳು ಚೌಕವನ್ನು ಒತ್ತಿದಳು. ಒತ್ತಿದರೆ ಪುಟಗಳೆಲ್ಲ ಸಾಲಾಗಿ ಕಾಣಬೇಕು. ಏನೂ ಆಗಲಿಲ್ಲ. ಬೀಗವನ್ನು ಒತ್ತಿದಳು. ಅದೂ ಸುಮ್ಮನಿತ್ತು. ಚಿತ್ರದಲ್ಲಿರುವ ಮಾವಿನಹಣ್ಣನ್ನು ಹಿಂಡಿದ ಹಾಗಾಯಿತು.

ನೆಟ್ ಸ್ಲೋ ಇರಬೇಕು ಎಂದಳು ಪೆಟ್ರೋನತ್ತೆ. ಆದರೆ ಪುಟ ಮಾತ್ರ ಸರಾಗವಾಗಿ ಮೇಲೆ ಕೆಳಗೆ ಓಡುತ್ತಿತ್ತು. ಯೆರುತಿಗೆ ಕುತೂಹಲ ತಡೆಯಲಾಗಲಿಲ್ಲ. ಫೋನಿನ ಪಕ್ಕದ ಗುಂಡಿ ಒತ್ತಿ ಪರದೆ ಆರಿಸಿದಳು, ಮತ್ತೆ ತೆರೆದಳು.

ಈಗ ಎರಡು ಅಡ್ರೆಸ್ ಬಾರ್‌ಗಳಿದ್ದವು, ಒಂದರ ಕೆಳಗೊಂದು.

ಕೆಳಗಿನದರಲ್ಲಿ ಸಂತೆಯ ಹೆಸರು, ಬೀಗ, ನಾಲ್ಕು. ಮೇಲಿನದರಲ್ಲಿ ಅವಳು ಎಂದೂ ಕೇಳದ ಯಾವುದೋ ಹೆಸರು. ಅಲ್ಲೂ ಒಂದು ಬೀಗ. ಪಕ್ಕದಲ್ಲಿ ಅಜ್ಜಿಯ ಆ ನಗುಮುಖ.

ಯೆರುತಿ ಎರಡನ್ನೂ ಹೋಲಿಸಿ ನೋಡಿದಳು. ಯಾವ ಪುಟವನ್ನಾದರೂ ಓದುತ್ತಾ ಕೆಳಕ್ಕೆ ಹೋದರೆ, ಜಾಗ ಮಾಡಿಕೊಡಲು ಅಡ್ರೆಸ್ ಬಾರ್ ಮರೆಯಾಗುತ್ತದೆ. ಅದು ದಿನಾ ಆಗುವುದೇ. ಈ ಪುಟ ಆ ಖಾಲಿ ಜಾಗದಲ್ಲಿ ಅಡ್ರೆಸ್ ಬಾರಿನ ಚಿತ್ರವೊಂದನ್ನು ತಂದು ಕೂರಿಸಿತ್ತು. ಪರದೆ ಆರಿಸಿ ತೆರೆದಾಗ, ಮರೆಯಾಗಿದ್ದ ನಿಜವಾದ ಬಾರ್ ಮತ್ತೆ ಮೇಲೆ ಬಂದಿತ್ತು. ನೂರಾರು ಪುಟ ತೆರೆದಿಡುವ ಅಜ್ಜಿಯಂಥವರೂ ಊರಲ್ಲಿ ಇರುತ್ತಾರೆಂದು ಚಿತ್ರ ಬರೆದವನಿಗೆ ಗೊತ್ತಿರಲಿಲ್ಲ.

“ಅತ್ತೆ, ಇದು ಸಂತೆಯವರದಲ್ಲ,” ಎಂದಳು. “ಕೆಳಗಿರೋದು ಬರೀ ಚಿತ್ರ. ನಿಜವಾದ ಹೆಸರು ಮೇಲಿದೆ ನೋಡಿ.”

ಅಜ್ಜಿ ಒಂಟೆಯನ್ನು ಬದಿಗಿಟ್ಟು ಬಂದು ಬಗ್ಗಿ ನೋಡಿದಳು. ಪೆಟ್ರೋನತ್ತೆಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

“ಹಾಗಾದ್ರೆ ಬೆಳಿಗ್ಗೆ ನಾನು ಪಾಸ್‌ವರ್ಡ್ ಕೊಟ್ಟಿದ್ದು ಯಾರಿಗೆ?”

ಎರಡು ಬಾರ್ ಕಂಡಾಗ ಯೆರುತಿಗೆ ಖುಷಿಯಾಗಿತ್ತು. ಪೆಟ್ರೋನತ್ತೆಯ ಮುಖ ನೋಡಿ ಅದೆಲ್ಲ ಇಳಿದುಹೋಯಿತು. ಅವಳಿಗೆ ಭಯವಾಯಿತು.

ಪೆಟ್ರೋನತ್ತೆಯ ಫೋನಿನಲ್ಲಿ ಅವಳ ಪೇಜ್ ತೆರೆದರು. ಗುರುತಿಲ್ಲದ ಫೋನೊಂದರಿಂದ ಯಾರೋ ಒಳಗೆ ಬಂದಿದ್ದಾರೆ ಎಂಬ ಸೂಚನೆ ಅಲ್ಲಿ ಕಾದಿತ್ತು. ಪುಣ್ಯಕ್ಕೆ ಪೇಜ್ ಇನ್ನೂ ಇತ್ತು. ಯೆರುತಿ ಹೇಳಿಕೊಟ್ಟಂತೆ ಪೆಟ್ರೋನತ್ತೆ ಹೊಸ ಪಾಸ್‌ವರ್ಡ್ ಹಾಕಿ, ಬೇರೆ ಎಲ್ಲ ಫೋನುಗಳಿಂದ ಲಾಗ್ ಔಟ್ ಎಂಬುದನ್ನು ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಆಮೇಲೆ ಆಯಿತು ಎಂದು ಬಂತು. ಪೆಟ್ರೋನತ್ತೆ ತನ್ನ ಕುರಿ, ರಾಜರ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. ಎಲ್ಲ ಇದ್ದವು. ಅವಳು ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು.

ಆದರೆ ಗ್ರೂಪಿನಲ್ಲಿ ಅವಳು ಬೆಳಿಗ್ಗೆ ಬರೆದದ್ದು ಹಾಗೇ ಇತ್ತು. ನಾನು ನೋಡಿದ್ದೇನೆ, ಸರಿಯಾಗಿದೆ, ಎಲ್ಲರೂ ಹಾಕಿ.

“ಏನು ನೋಡಿದ್ರಿ ಅತ್ತೆ?” ಯೆರುತಿ ಚುಚ್ಚುವುದಕ್ಕೆ ಕೇಳಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಪೆಟ್ರೋನತ್ತೆ ತಡವರಿಸಿದಳು. “ಬೀಗ, ಹೆಸರು ಅಷ್ಟೇ. ಲಿಂಕನ್ನ ನಮ್ಮ ಗ್ರೂಪಿಗೆ ಎಲ್ವಾ ಕಳಿಸಿದ್ಲಲ್ಲ. ಅವಳು ನೋಡಿರ್ತಾಳೆ ಅಂದ್ಕೊಂಡೆ.”

ಎಲ್ವಾಳಿಗೆ ಫೋನ್ ಮಾಡಿದರು. ತನಗೆ ಕಳಿಸಿದವರು ನೋಡಿರುತ್ತಾರೆ ಎಂದು ಅವಳೂ ಅಂದುಕೊಂಡಿದ್ದಳಂತೆ.

ಪೆಟ್ರೋನತ್ತೆ ಗ್ರೂಪಿಗೆ ಮಾತಿನಲ್ಲೇ ಸಂದೇಶ ಕಳಿಸಿದಳು. “ಪೆಟ್ರೋನ ಮಾತಾಡ್ತಿದ್ದೀನಿ. ಆ ಲಿಂಕ್ ಮೋಸದ್ದು. ಹಾಕಿದವರು ಈಗಲೇ ಪಾಸ್‌ವರ್ಡ್ ಬದಲಾಯಿಸಿ. ನೋಡಿದ್ದೀನಿ ಅಂತ ಬರೆದಿದ್ದೆ. ನಾನು ನೋಡಿರಲಿಲ್ಲ.” ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು ಅಷ್ಟು ಹೇಳಿದ್ದೇ ದೊಡ್ಡದು.

ಆಮೇಲೆ ಅವಳು ಯೆರುತಿಯ ಕೆನ್ನೆ ಹಿಂಡಿ, ಇನ್ನು ಮೇಲೆ ಏನೇ ಬರಲಿ, ಮೊದಲು ನಿನಗೇ ಕಳಿಸುತ್ತೇನೆ ಎಂದಳು. ನೀನು ಸರಿ ಅಂದರೆ ಊರಿಗೇ ಸರಿ. ಅಜ್ಜಿ ಹೆಮ್ಮೆಯಿಂದ ನಕ್ಕಳು.

ಯೆರುತಿಯ ಕಿವಿ ಬೆಚ್ಚಗಾಯಿತು. ಇಡೀ ಊರು ತನ್ನನ್ನು ಕೇಳುತ್ತದೆ. ಎಷ್ಟು ಚೆನ್ನಾಗಿರುತ್ತದೆ. ಯೆರುತಿ ನೋಡಿದ್ದಾಳೆ ಎಂದು ಎಲ್ಲರೂ ಹೇಳುತ್ತಾರೆ. ಯೆರುತಿ ನೋಡಿದ್ದಾಳೆ, ಹಾಕಿ. ಅವಳ ನಗು ಮೆಲ್ಲಗೆ ನಿಂತಿತು.

“ಬೇಡ ಅತ್ತೆ,” ಎಂದಳು. “ಅಜ್ಜಿ ಪುಟ ಮುಚ್ಚೋಳಾಗಿದ್ರೆ ನಂಗೂ ಮೋಸ ಗೊತ್ತಾಗ್ತಿರಲಿಲ್ಲ, ನಾನೂ ಹಾಕಿಬಿಡ್ತಿದ್ದೆ.”

ಅವಳು ತನ್ನ ಮಣೆ ಎಳೆದುಕೊಂಡು ಪೆಟ್ರೋನತ್ತೆಯ ಪಕ್ಕದಲ್ಲಿ ಕೂತಳು. ಆ ಮೋಸದ ಪುಟವಿದ್ದ ಅಜ್ಜಿಯ ಫೋನನ್ನು ಅವಳ ಕೈಗೆ ಕೊಟ್ಟಳು.

“ನೀವೇ ಆರಿಸಿ, ನೀವೇ ತೆರೀರಿ. ಏನು ಕಾಣುತ್ತೆ ಹೇಳಿ.”

ಪೆಟ್ರೋನತ್ತೆ ಕನ್ನಡಕ ಹಾಕಿಕೊಂಡಳು. ಗುಂಡಿ ಒತ್ತಿದಳು, ತೆರೆದಳು. ಮೇಲಿನ ಬಾರಿನಲ್ಲಿದ್ದ ಹೆಸರನ್ನು, ಈಗಷ್ಟೇ ಅಕ್ಷರ ಕಲಿತವಳ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಓದತೊಡಗಿದಳು. ಅಜ್ಜಿಯೂ ಹಿಂದಿನಿಂದ ಬಗ್ಗಿ ತಾನೂ ಓದಿದಳು. ಯೆರುತಿ ಇಬ್ಬರೂ ಓದಿ ಮುಗಿಸುವವರೆಗೆ ಬಾಯಿ ಬಿಡಲಿಲ್ಲ.