ಸಂಸದರು ಕಳಿಸಿದ ಪುಷ್ಪಚಕ್ರ

ಜೂನ್ ಹನ್ನೊಂದರ ಮಧ್ಯಾಹ್ನ ಸಂಸದ ನಮ್‌ಗುಂಗ್ ಅವರ ಕಾರ್ಯದರ್ಶಿ ನಾಜು ಊರಿನ ಪೊಲೀಸ್ ಠಾಣೆಗೆ ಬಂದು ದೂರು ಬರೆದುಕೊಟ್ಟ. ತಾಕ್ ಬುನಿ ಅಜ್ಜಿಯ ಅಂತ್ಯಕ್ರಿಯೆಗೆ ಸಂಸದರು ಕಳಿಸಿದ್ದ ಪುಷ್ಪಚಕ್ರವನ್ನು ಆಸ್ಪತ್ರೆಯ ಅಂತ್ಯಕ್ರಿಯೆ ಭವನದ ಹಿತ್ತಲಲ್ಲಿ ಬೆಳಿಗ್ಗೆ ಯಾರೋ ಸುಟ್ಟಿದ್ದರು. ಬೆಂಕಿ ಚಪ್ಪರಕ್ಕೆ ಹತ್ತಿ, ಆರಿಸಲು ಹೋದ ಕುಕ್ ಎಂಬ ಭವನದ ನೌಕರನ ಕೈ ಬೆಂದಿತ್ತು. ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಪ್ಯೋ, ಕಾನ್‌ಸ್ಟೇಬಲ್ ಯೊಂಜುವನ್ನು ಕರೆದುಕೊಂಡು ಹೊರಟ.

ಅಜ್ಜಿಯನ್ನು ಊರಿಗೆಲ್ಲ ಗೊತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ, ಹದಿಮೂರರ ಹುಡುಗಿಯಾಗಿದ್ದಾಗ, ಓದಿಸುತ್ತೇವೆಂದು ನಂಬಿಸಿ ಅವಳನ್ನು ಜಪಾನಿನ ವಿಮಾನ ಕಾರ್ಖಾನೆಗೆ ಸಾಗಿಸಿದ್ದರು. ಓದೂ ಇಲ್ಲ, ಕೂಲಿಯೂ ಇಲ್ಲ. ಎರಡು ಬೆರಳು ಯಂತ್ರಕ್ಕೆ ಹೋದವು. ಮುಪ್ಪಿನಲ್ಲಿ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ದೇಶದವರ ಸಂಬಳದಿಂದ ಹಿಡಿದ ಪಿಂಚಣಿ ನಿಧಿಯ ಹಣ ಆ ಕಾರ್ಖಾನೆಯ ಕಂಪನಿಯಲ್ಲೇ ಹೂಡಿಕೆಯಾಗಿತ್ತು. ಅಂಥ ವಿದೇಶಿ ಕಂಪನಿಗಳಲ್ಲಿ ನಿಧಿಯ ಹಣ ಹೂಡಬಾರದೆಂಬ ಮಸೂದೆಯನ್ನು ನಮ್‌ಗುಂಗ್ ಮಂಡಿಸಿದರು, ಅಜ್ಜಿಯ ಕೈ ಹಿಡಿದು ಫೋಟೊ ತೆಗೆಸಿಕೊಂಡರು. ಮಸೂದೆ ಮತಕ್ಕೆ ಬರಲೇ ಇಲ್ಲ. ಮೇ ಕೊನೆಗೆ ಸಂಸತ್ತಿನ ಅವಧಿ ಮುಗಿದು ಅದು ಸತ್ತಿತು. ಸ್ವಲ್ಪ ದಿನಕ್ಕೆ ಅಜ್ಜಿಯೂ ಹೋದಳು.

ಹಿತ್ತಲಲ್ಲಿ ಮಹಜರು ನಡೆಯಿತು. ಬೂದಿಯಲ್ಲಿ ಪುಷ್ಪಚಕ್ರ ನಿಲ್ಲಿಸುವ ಬಿದಿರಿನ ಕಾಲು, ತಂತಿ, ಸಂಸದರ ಹೆಸರು ಬರೆದಿದ್ದ ಪಟ್ಟಿಯ ಚೂರು ಸಿಕ್ಕವು. ಯೊಂಜು ಕಡ್ಡಿಯಿಂದ ಕೆದಕಿದಳು.

"ಸಾರ್, ಒಂದು ಹೂವೂ ಇಲ್ಲ ಇದ್ರಲ್ಲಿ."

"ಸುಟ್ಟುಹೋಗಿರತ್ತೆ."

"ಹಸಿ ಸೇವಂತಿಗೆ ಅಷ್ಟು ಸುಲಭಕ್ಕೆ ಸುಡತ್ತಾ? ನಿಮ್ಮನೇಲಿ ಒಲೆ ಹಚ್ಚೋರು ಯಾರು ಸಾರ್?"

"ನನ್ನ ಹೆಂಡತಿ."

"ಗೊತ್ತಾಯ್ತು ಬಿಡಿ."

ಕೈಗೆ ಬಟ್ಟೆ ಸುತ್ತಿಕೊಂಡು ಕುಕ್ ಮೆಟ್ಟಿಲ ಮೇಲೆ ಕೂತಿದ್ದ.

"ಯಾರನ್ನ ನೋಡಿದೆ?" ಪ್ಯೋ ಕೇಳಿದ.

"ಹೊಗೆ ನೋಡಿದೆ."

"ಹೊಗೆ ಹತ್ರ ಯಾರಿದ್ರು?"

"ಹೊಗೇಲಿ ಕಣ್ಣು ಕಾಣತ್ತಾ ಸಾರ್? ಸತ್ತ ಮನೆಯ ಊಟ ಉಂಡೋನು ನಾನು. ಬಾಯಿ ಬಿಡಿಸಬೇಡಿ."

ಹೂವು ಭವನದ ಅಡುಗೆಮನೆಯಲ್ಲಿ ಸಿಕ್ಕಿತು. ಕಿಮ್ಚಿ ಉಪ್ಪಿನಕಾಯಿಯ ದೊಡ್ಡ ಡಬ್ಬಿಯೊಂದಕ್ಕೆ ನೀರು ತುಂಬಿ, ಬಿಳಿ ಸೇವಂತಿಗೆಗಳನ್ನು ಜೋಪಾನವಾಗಿ ನಿಲ್ಲಿಸಿದ್ದರು. ಸಾರು ಬಡಿಸುತ್ತಿದ್ದ ಅಜ್ಜಿಯ ನೆರೆಮನೆಯ ಹೆಂಗಸನ್ನು ಯೊಂಜು ಮೆಲ್ಲಗೆ ಕೇಳಿದಳು.

"ಚಿಕ್ಕಮ್ಮ, ಬೆಳಿಗ್ಗೆ ಪಟದ ಮುಂದೆ ಯಾರು ಕೂತಿದ್ರು?"

"ಮಗಳು ಮಿಯೊಕ್. ಇನ್ಯಾರು ಕೂರ್ತಾರೆ?"

"ಒಂದ್ಸಲವೂ ಎದ್ದಿಲ್ವಾ?"

ಹೆಂಗಸು ಸೌಟು ಕೆಳಗಿಟ್ಟಳು. "ಊದುಬತ್ತಿ ಆರದ ಹಾಗೆ ನೋಡ್ಕೊ ಅಂದ್ಲು. ನೋಡ್ಕೊಂಡೆ. ಅಷ್ಟೆ."

ಪ್ಯೋ ಒಳಗೆ ಹೋಗಿ ಪದ್ಧತಿಯಂತೆ ಅಜ್ಜಿಯ ಪಟಕ್ಕೆ ಎರಡು ಸಲ ಅಡ್ಡಬಿದ್ದ. ಆಮೇಲೆ ಮಗಳಿಗೆ ಒಂದು ಸಲ ಬಾಗಿದ, ಅವಳೂ ಬಾಗಿದಳು. ಮಿಯೊಕ್ ಶಾಲೆಯ ಅಡುಗೆಯವಳಾಗಿ ದುಡಿದು ನಿವೃತ್ತಳಾದವಳು. ಅವಳ ಕಪ್ಪು ಬಟ್ಟೆಗೆ ಇನ್ನೂ ಹೊಗೆಯ ವಾಸನೆಯಿತ್ತು.

"ಸುಟ್ಟಿದ್ದು ನೀವಾ?"

"ಹೌದು."

"ಹೂವು ಯಾಕೆ ಕಿತ್ತಿಟ್ರಿ?"

"ಹೂವೇನು ಮಾಡಿತ್ತು ಪಾಪ."

"ಸುಟ್ಟಿದ್ದು ಯಾಕೆ?"

ಮಿಯೊಕ್ ಪಟದ ಕಡೆ ನೋಡಿದಳು. "ಇಲ್ಲಿ ಕೇಳಬೇಡಿ."

ಅಷ್ಟರಲ್ಲಿ ಕಾರ್ಯದರ್ಶಿಯ ಫೋನ್ ಬಂತು. "ಸಾರ್, ನಾನು ದೂರು ಕೊಟ್ಟಿದ್ದು ಅವಸರ ಆಯ್ತು. ಊದುಬತ್ತಿ ಕಿಡಿ ಬಿತ್ತು ಅಂತ ಬರೆದು ಮುಗಿಸಿಬಿಡಿ. ಮಸೂದೆ ಸುದ್ದಿ ಮತ್ತೆ ಪೇಪರ್‌ಗೆ ಬರೋದು ಸಾಹೇಬ್ರಿಗೆ ಬೇಡವಂತೆ."

ಪ್ಯೋಗೂ ಅದೇ ಒಳ್ಳೆಯದೆನಿಸಿತು. ನಾಳೆ ತಾಯಿಯನ್ನು ಮಣ್ಣುಮಾಡಬೇಕಾದ ಮಗಳಿಗೆ ಕೈಕೋಳ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಅವನು ದನಿ ತಗ್ಗಿಸಿದ.

"ಅಕ್ಕ, ಆಕಸ್ಮಿಕ ಅಂದುಬಿಡಿ. ನಾನು ಹಾಗೇ ಬರ್ಕೋತೀನಿ."

"ಅಮ್ಮನ ಬೆರಳು ಹೋದಾಗ ಕಾರ್ಖಾನೆಯವರೂ ಆಕಸ್ಮಿಕ ಅಂತಲೇ ಬರೆದ್ರು. ಕುಕ್ ಕೈ ಸುಟ್ಟಿದ್ದು ನನ್ನಿಂದ. ಹಾಗೇ ಬರ್ಕೊಳ್ಳಿ."

"ಬರೆದ್ರೆ ನಿಮ್ಮನ್ನ ಕರ್ಕೊಂಡು ಹೋಗಬೇಕಾಗತ್ತೆ."

"ಬರ್ತೀನಿ. ಅಮ್ಮನ್ನ ಕಳಿಸಿಕೊಟ್ಟು ಬರ್ತೀನಿ. ಅಷ್ಟು ಮಾತ್ರ ಬಿಡಿ."

ನಾಳೆಯವರೆಗೆ ಬಿಡಲು ಪ್ಯೋ ಒಪ್ಪಿದ. ಯೊಂಜುವನ್ನು ಕಾವಲಿಗೆ ಮಿಯೊಕ್ ಪಕ್ಕದಲ್ಲಿ ಕೂರಿಸಿ ಠಾಣೆಗೆ ನಡೆದ.

ಮರುದಿನ ಪೇರು ಹಣ್ಣಿನ ತೋಟಗಳ ಮೇಲಿನ ಗುಡ್ಡದಲ್ಲಿ ಅಜ್ಜಿ ಮಣ್ಣಾದಳು. ದಿಬ್ಬ ಗುಂಡಗಾಗುವವರೆಗೂ ಮಿಯೊಕ್ ಕೈಯಾರೆ ಮಣ್ಣು ತಟ್ಟಿದಳು. ಆಮೇಲೆ ತಾನೇ ಬಂದು ಜೀಪು ಹತ್ತಿದಳು. ಹನ್ನೊಂದೂವರೆಗೆ ಬಂಧನ ದಾಖಲಾಯಿತು. ಬಂಧಿತರ ಮೈಮೇಲೆ ಲೋಹದ ವಸ್ತು ಇರಬಾರದು. ಮುಡಿಯಲ್ಲಿದ್ದ ಸೂತಕದ ಬಿಳಿ ಪಿನ್ನನ್ನು ತೆಗೆಯಲು ಯೊಂಜುವಿನ ಕೈ ಏಳಲಿಲ್ಲ. ಮಿಯೊಕ್ ತಾನೇ ತೆಗೆದು ಮೇಜಿನ ಮೇಲಿಟ್ಟಳು.

"ಈಗ ಹೇಳಿ ಅಕ್ಕ," ಎಂದ ಪ್ಯೋ.

"ನನ್ನ ಪಿಂಚಣಿ ಆ ನಿಧಿಯಿಂದಲೇ ಬರೋದಲ್ವಾ ಸಾರ್. ಅದು ತಿಳಿದ ಮೇಲೆ ಆ ದುಡ್ಡಲ್ಲಿ ತಂದಿದ್ದನ್ನ ಅಮ್ಮ ಮುಟ್ತಿರಲಿಲ್ಲ. ಕಾನೂನು ಬರಲಿ, ಆಮೇಲೆ ತಿಂತೀನಿ ಅನ್ನೋಳು. ಕೊನೆಕೊನೆಗೆ ಗಂಜಿಯೂ ಇಳೀತಿರಲಿಲ್ಲ. ಕಾನೂನು ಬಂತಾ ಅಂದ್ಲು. ಬಂತಮ್ಮ, ಈಗ ಆ ದುಡ್ಡಿಗೆ ಮೈಲಿಗೆ ಇಲ್ಲ ಅಂದೆ. ಹಾಗಾದ್ರೆ ಒಣಮೀನು ತಾ ಅಂದ್ಲು. ಸುಟ್ಟು, ಮುಳ್ಳು ಬಿಡಿಸಿ ಕೊಟ್ಟೆ. ಪೂರ್ತಿ ತಿಂದ್ಲು. ಬೆಳಗಾಗೋದ್ರೊಳಗೆ ಹೋಗಿಬಿಟ್ಲು."

ಯೊಂಜು ನೀರು ತಂದಿಟ್ಟಳು. ಮಿಯೊಕ್ ಕುಡಿಯಲಿಲ್ಲ.

"ಆ ಪುಷ್ಪಚಕ್ರ ಪಟದ ಪಕ್ಕದಲ್ಲೇ ನಿಲ್ಲಿಸಿದ್ರು. ಹೆಸರು ನೋಡಿ ಬಂದೋರೆಲ್ಲ ಶುರು ಮಾಡಿದ್ರು, ಮಸೂದೆ ಬಿದ್ದೇ ಹೋಯ್ತಲ್ಲ ಅಂತ. ನಾನು ಹೊರಗಿಟ್ಟೆ. ಸಂಸದರದ್ದು ಮುಂದೆ ಇರಬೇಕು ಅಂತ ಭವನದವರು ಮತ್ತೆ ಒಳಗೆ ತಂದಿಟ್ರು. ಮಣ್ಣು ಮಾಡೋವರೆಗೂ ಅಮ್ಮ ಅಲ್ಲೇ ಇರ್ತಾಳೆ ಸಾರ್. ಅವಳಿಗೆ ಕೇಳಿಸಿಬಿಡತ್ತೆ ಅಂತ ಸುಟ್ಟೆ."