ಮುನ್ನೂರ ಹದಿನೇಳರ ಒಣ ಅಂಗಿ

"ಏಳಿ ಅಲ್ಲಿಂದ. ಅದು ಕುರ್ಚಿ ಅಲ್ಲ, ನಲವತ್ತು ಜನ ನಾವಿಕರ ಟೋಪಿ."

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವಳು ಹೇಳಿದಳು. ಕೂತಿದ್ದವನು ಧಡಕ್ಕನೆ ಎದ್ದ. ಅಷ್ಟರಲ್ಲಿ ಟೋಪಿಗಳು ಅಪ್ಪಚ್ಚಿಯಾಗಿದ್ದವು.

'ಕಥೆ ಬರೆದವನು ಇವನೇ ಇರಬೇಕು... ಎಲ್ಲಿ ಕೂರಬೇಕೆಂದು ಗೊತ್ತಿಲ್ಲದವನು ಹಡಗು ಮುಳುಗಿಸಲು ಹೊರಟಿದ್ದಾನೆ!'

ಊಹೆ ಸರಿಯಾಗಿತ್ತು. ಯುದ್ಧದ ಕಾಲದಲ್ಲಿ ನೂರಾರು ಜನರ ಸಮೇತ ಮುಳುಗಿದ ನೌಕಾಪಡೆಯ ಹಡಗೊಂದರ ಬಗ್ಗೆ ಟೀವಿ ವಾಹಿನಿಯೊಂದು ಸಿನಿಮಾ ತೆಗೆಯುತ್ತಿತ್ತು. ಅವನು ಅದರ ಕಥೆಗಾರ. ಅವಳು ವಸ್ತ್ರ ವಿಭಾಗದ ದರ್ಜಿ. ಅವಳ ನಾಲಿಗೆಗೆ ಹೆದರಿ ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು.

ಆ ಸಿನಿಮಾದಲ್ಲಿ ಗೌರವ ಕೊಡುವಂಥದ್ದು ಸೂಜಿಯ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ಸಮುದ್ರ ಎಂದರೆ ಸ್ಟುಡಿಯೋ ಹಿಂದಿನ ಸಿಮೆಂಟ್ ತೊಟ್ಟಿ, ಎದೆಮಟ್ಟದ ನೀರು. ಅದರ ಅಂಚಿನಲ್ಲಿ ನಿಂತು ನಿರ್ದೇಶಕರು 'ನನ್ನ ಸಾಗರ' ಎನ್ನುತ್ತಿದ್ದರು. ಅವರಿಗೆ ಈಜು ಬರುತ್ತಿರಲಿಲ್ಲ. ಕ್ಯಾಪ್ಟನ್ ಪಾತ್ರದ ನಾಯಕ ನಟ ಕೂದಲು ಒದ್ದೆ ಮಾಡಿಕೊಳ್ಳುವುದಿಲ್ಲ ಎಂದು ಮೊದಲೇ ಕರಾರು ಮಾಡಿಸಿಕೊಂಡಿದ್ದ. ಹಾಗಾಗಿ ಇಡೀ ಹಡಗು ಮುಳುಗಿದರೂ ಕ್ಯಾಪ್ಟನ್ ಕತ್ತಿನವರೆಗೆ ಮಾತ್ರ ಮುಳುಗುತ್ತಿದ್ದ. ವಾಹಿನಿಯಿಂದ ಬಂದ ಮೇಡಂ, ಮುಳುಗುವ ಮುಂಚೆ ಒಂದು ಹಾಡು ಇದ್ದರೆ ಚೆನ್ನಲ್ಲವೇ ಎಂದು ಕೇಳಿ ಹೋಗಿದ್ದರು.

ಇಂಥವರ ಕೈಗೆ ಸಿಕ್ಕ ಸತ್ತವರ ಗತಿ ಏನು ಎಂದು ಸೂಜಿ ಮೂಗು ಮುರಿಯುತ್ತಲೇ ಹೊಲಿಯುತ್ತಿದ್ದಳು.

ಆದರೂ ಈ ಕೆಲಸವನ್ನು ಅವಳು ತಾನಾಗಿಯೇ ಕೇಳಿ ಪಡೆದಿದ್ದಳು. ಕಾರಣ ಯಾರಿಗೂ ಹೇಳಿರಲಿಲ್ಲ. ಆ ಹಡಗಿನ ವೈರ್‌ಲೆಸ್ ಆಪರೇಟರ್ ಅವಳ ತಾತ.

ಬದುಕಿ ಬಂದ ಕೆಲವೇ ಜನರಲ್ಲಿ ತಾತ ಒಬ್ಬರು. ಬಂದಾಗ ಅವರ ಮೈಮೇಲಿದ್ದದ್ದು ಬೇರೆ ಯಾರದ್ದೋ ಅಂಗಿ. ತಾತನ ನಂಬರ್ 204, ಅಂಗಿಯ ಕಾಲರಿನೊಳಗೆ ಹೊಲಿದಿದ್ದದ್ದು 317. ಯಾರದು ಎಂದು ಕೇಳಿದರೆ ತಾತ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ನೆಂಟರಿಗೆ ಅಷ್ಟು ಸಾಕಾಯಿತು. ಹೆಣದ ಮೈಮೇಲಿನ ಅಂಗಿ ಕಿತ್ತುಕೊಂಡು ಮೊದಲ ದೋಣಿ ಹತ್ತಿದ ಮನುಷ್ಯ ಎಂದು ಅಜ್ಜಿಯ ಸ್ವಂತ ತಮ್ಮನೇ ಮದುವೆ ಮನೆಯಲ್ಲಿ ಆಡಿಕೊಂಡಿದ್ದ. ತಾತ ಹೋದ ಮೇಲೂ ಅಜ್ಜಿ ವರ್ಷಕ್ಕೊಮ್ಮೆ ಆ ಅಂಗಿಯನ್ನು ಒಗೆದು, ಮಡಿಸಿ, ಪೆಟ್ಟಿಗೆಯಲ್ಲಿಡುತ್ತಿದ್ದರು. ಈಗ ಸಿನಿಮಾ ಬರುತ್ತದೆಂದು ಗೊತ್ತಾದಾಗಿನಿಂದ ಅವರದ್ದು ಒಂದೇ ಮಾತು.

"ಟೀವೀಲಿ ಏನು ತೋರಿಸ್ತಾರೋ ನೋಡ್ಕೊಂಡೇ ಸಾಯ್ತೀನಿ ಕಣೇ."

ಕಥೆಗಾರ ಮರುದಿನವೂ ಬಂದ. ಕೆಟಲಿನ ಹಬೆ ಹಿಡಿದು ನಲವತ್ತು ಟೋಪಿಗಳನ್ನೂ ತಾನೇ ಸರಿಮಾಡಿದ. ಆಮೇಲೆ ಇಸ್ತ್ರಿ ಮೇಜಿನ ಮೂಲೆಯಲ್ಲಿ ಕೂತು ಬರೆಯುವುದೇ ಅವನಿಗೆ ರೂಢಿಯಾಯಿತು. ಹೊರಗೆ ಎಲ್ಲರೂ ಹೊಗಳುತ್ತಾರೆ, ಇಲ್ಲಿ ಮಾತ್ರ ಬೈಗುಳ ಸಿಗುತ್ತದೆ, ಅದಕ್ಕೇ ಬರುತ್ತೇನೆ ಎನ್ನುತ್ತಿದ್ದ. ಅವಳೂ ಕೈಬಿಚ್ಚಿ ಬೈಯುತ್ತಿದ್ದಳು. ಅವನು ಬಾರದ ಒಂದು ದಿನ ಒಂದೇ ತೋಳನ್ನು ಎರಡು ಸಲ ಹೊಲಿದು, ಬಿಚ್ಚಿ, ತನ್ನನ್ನೇ ಶಪಿಸಿಕೊಂಡಳು.

'ನನಗೇನಾಗಿದೆ... ಆ ಟೋಪಿ ಅಪ್ಪಚ್ಚಿ ಮಾಡಿದವನಿಗಾಗಿ ಕಾಯುತ್ತಿದ್ದೇನಾ?'

ವಸ್ತ್ರ ವಿಭಾಗಕ್ಕೆ ಕಥೆಯ ಪುಟಗಳು ಬರುವುದಿಲ್ಲ. ಚೀಟಿ ಬರುತ್ತದೆ: ಯಾವ ದೃಶ್ಯ, ಯಾರು, ಬಟ್ಟೆ ಒಣವೋ, ಒದ್ದೆಯೋ, ಹರಿದದ್ದೋ, ಸುಟ್ಟದ್ದೋ. ಹದಿನೈದು ವರ್ಷದ ಅನುಭವದಲ್ಲಿ ಸೂಜಿ ಚೀಟಿ ನೋಡಿಯೇ ಪಾತ್ರದ ಹಣೆಬರಹ ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿರಲಿಲ್ಲ. ಅದು ಅವಳ ಜಂಬ.

ಆ ದಿನದ ಚೀಟಿ ಕಥೆಗಾರನ ಕೈಬರಹದಲ್ಲೇ ಇತ್ತು.

ದೃಶ್ಯ 40: ವೈರ್‌ಲೆಸ್ ಆಪರೇಟರ್, ಅಂಗಿ 204, ಒದ್ದೆ.

ದೃಶ್ಯ 41: ಬಾಯ್ಲರ್ ಕೆಲಸದವನು, ಅಂಗಿ ಇಲ್ಲ. ವೈರ್‌ಲೆಸ್ ಆಪರೇಟರ್, ಅಂಗಿ 317, ಒಣ.

ಅವಳು ಚೀಟಿಯನ್ನು ಮತ್ತೊಮ್ಮೆ ಓದಿದಳು. ಒಬ್ಬನ ಮೈಮೇಲೆ ಅಂಗಿ ಇಲ್ಲ, ಇನ್ನೊಬ್ಬನ ಮೈಮೇಲೆ ಅದೇ ಅಂಗಿ, ಅದೂ ಒಣ. ತನ್ನ ಒದ್ದೆ ಅಂಗಿ ಎಸೆದು, ಹೆಣದ ಒಣ ಅಂಗಿ ತೊಟ್ಟು ದೋಣಿ ಹತ್ತಿದ ಕಳ್ಳ. ನಂಬರಿನ ಸಮೇತ ಗೊತ್ತಿದೆ ಇವನಿಗೆ! ಯಾವ ನೆಂಟ ಬಾಯಿಬಿಟ್ಟನೋ... ಇದನ್ನೇ ಅಜ್ಜಿ ನೋಡಬೇಕು.

"ನಲವತ್ತೊಂದರಲ್ಲಿ ಆ ಒಣ ಅಂಗಿ ಬೇಕೇ ಬೇಕಾ?"

"ಅದಿಲ್ಲದಿದ್ರೆ ಸಿನಿಮಾನೇ ಇಲ್ಲ," ಎಂದ ಅವನು, ಕಣ್ಣರಳಿಸಿ.

ಆ ಅರಳಿದ ಕಣ್ಣು ನೋಡಿ ಅವಳಿಗೆ ಅಸಹ್ಯವಾಯಿತು. ಸತ್ತವರ ಮಾನ ತೆಗೆದು ಹೊಟ್ಟೆ ಹೊರೆಯುವ ಜಾತಿ! ಅಂದಿನಿಂದ ಇಸ್ತ್ರಿ ಮೇಜಿನ ಮೂಲೆಯಲ್ಲಿ ಬಟ್ಟೆಯ ರಾಶಿ ಹೇರಿದಳು. ಅವನು ಬಾಗಿಲಲ್ಲಿ ನಿಂತರೆ ಗೋಡೆಯನ್ನು ನೋಡುವಂತೆ ನೋಡಿದಳು. ಬೈಗುಳವೂ ನಿಂತುಹೋಯಿತು. ಅವನು ಮುಖ ಸಣ್ಣದು ಮಾಡಿಕೊಂಡು ಹೋದಾಗ ಎದೆಯೊಳಗೆ ಏನೋ ಚುಚ್ಚಿತು. ಚುಚ್ಚಲಿ ಎಂದುಕೊಂಡಳು.

ಚಿತ್ರೀಕರಣದ ದಿನ ನಿರ್ದೇಶಕರು ಒಣ ಅಂಗಿ ತರಲು ಹೇಳಿದರು. ಸೂಜಿ 317ನ್ನು ಬಕೆಟ್ಟಿನಲ್ಲಿ ಅದ್ದಿದಳು. ಹೆಚ್ಚುವರಿಯಾಗಿ ಹೊಲಿದಿದ್ದ ಇನ್ನೆರಡನ್ನೂ ಅದ್ದಿದಳು. ಮೂರೂ ಅಂಗಿಗಳನ್ನು ನೀರು ಸೋರುತ್ತಿದ್ದಂತೆಯೇ ತಂದು ಅವರ ಮುಂದೆ ಹಿಡಿದಳು.

ನಿರ್ದೇಶಕರು ಅವಳ ಹದಿನೈದು ವರ್ಷದ ಅನ್ನಕ್ಕೇ ಕೈ ಹಾಕುವ ಮಾತಾಡಿದರು. ಇನ್ನು ಯಾವ ಸ್ಟುಡಿಯೋದಲ್ಲೂ ದಾರ ಪೋಣಿಸಲು ಬಿಡುವುದಿಲ್ಲ ಎಂದರು.

"ಹೊಲಿದವಳೂ ನಾನೇ, ಮುಳುಗಿಸಿದವಳೂ ನಾನೇ," ಎಂದಳು ಸೂಜಿ. "ಈ ಸಿನಿಮಾದಲ್ಲಿ ನಿಜವಾಗಿ ಮುಳುಗಿದ್ದು ಇವಿಷ್ಟೇ."

ಕಥೆಗಾರ ನಡುವೆ ಬಂದ. "ತಪ್ಪು ನಂದು ಸಾರ್. ಚೀಟೀಲಿ ಒದ್ದೆ ಅಂತ ಬರೆದುಬಿಟ್ಟಿದ್ದೆ."

ಹಸಿ ಸುಳ್ಳು. ನಿರ್ದೇಶಕರು ಕಥೆಗಾರರ ಕುಲಕ್ಕೇ ಹಿಡಿಶಾಪ ಹಾಕಿ ಕಾಫಿ ಕುಡಿಯಲು ಹೋದರು.

ಹೊಲಿಗೆ ಕೋಣೆಯಲ್ಲಿ ಅವನು ಕೇಳಿದ್ದು ಒಂದೇ ಮಾತು.

"ಯಾಕೆ?"

ಅವಳು ಸಿಡಿದಳು. "ನಿಮ್ಮ ಕಥೇಲಿ ಹೆಣದ ಅಂಗಿ ಕದ್ದು ಓಡೋನು ನನ್ನ ತಾತ. ಅಜ್ಜಿ ಇನ್ನೂ ಬದುಕಿದ್ದಾರೆ. ಅವರು ನೋಡ್ತಾರೆ... ಅಷ್ಟೂ ಯೋಚನೆ ಬೇಡವಾ ನಿಮಗೆ?"

ಅವನು ಬೆಪ್ಪಾಗಿ ಕೂತುಬಿಟ್ಟ, ಮತ್ತೆ ಟೋಪಿಗಳ ಮೇಲೆಯೇ. ಈ ಸಲ ಅವಳು ಏಳಿಸಲಿಲ್ಲ. ಚೀಲದಿಂದ ಅವನು ಹಳೆಯ ಪತ್ರವೊಂದನ್ನು ತೆಗೆದು ಕೊಟ್ಟ. ಬರೆದವರ ಹೆಸರಿಲ್ಲ, ವಿಳಾಸವಿಲ್ಲ. ಕೊನೆಯಲ್ಲಿ 204 ಎಂದಷ್ಟೇ ಇತ್ತು. ಅಕ್ಷರ ಅಕ್ಷರಕ್ಕೂ ಜಾಗ ಬಿಟ್ಟು ಬರೆದ, ಸಂದೇಶದ ಫಾರಂ ತುಂಬಿದಂಥ ಕೈಬರಹ. ಅವಳಿಗೆ ಅಕ್ಷರ ಕಲಿಸಿದ ಕೈ ಅದು.

'ತಾಯಿ, ಕೋಣೆಗೆ ನೀರು ನುಗ್ಗಿ ನಾನು ತೊಯ್ದಿದ್ದೆ. ಚಳಿಗೆ ಕೈ ನಡುಗಿ ಸಂದೇಶದ ಕೀಲಿ ಒತ್ತಲು ಆಗುತ್ತಿರಲಿಲ್ಲ. ನಿಮ್ಮವರು ತಮ್ಮ ಒಣ ಅಂಗಿ ಬಿಚ್ಚಿ ನನಗೆ ತೊಡಿಸಿದರು. ಕೈ ನಡುಗಿದರೆ ಸಂದೇಶ ಹೋಗಲ್ಲ, ಹಾಕ್ಕೋ, ಕೆಳಗೆ ಬಾಯ್ಲರ್ ಹತ್ತಿರ ನನಗೆ ಸೆಕೆ ಎಂದು ನಕ್ಕರು. ಇಳಿದುಹೋದವರು ಮತ್ತೆ ಬರಲಿಲ್ಲ. ಸಂದೇಶ ಹೋಯಿತು. ಬದುಕಿದ ನಾವೆಲ್ಲ ಆ ಅಂಗಿಯಿಂದ ಬದುಕಿದವರು. ಮನೆಯಲ್ಲೂ ಇದನ್ನು ಹೇಳಿಲ್ಲ, ಹೇಳಿದರೆ ನನ್ನನ್ನು ಹೊಗಳುತ್ತಾರೆ. ಅಂಗಿ ನಿಮಗೆ ಸೇರಬೇಕು. ಬಿಟ್ಟುಕೊಡಲು ಮನಸ್ಸು ಬರುತ್ತಿಲ್ಲ. ಕ್ಷಮಿಸಿ.'

"ಮುನ್ನೂರ ಹದಿನೇಳು ನನ್ನ ತಾತ," ಎಂದ ಅವನು ಮೆಲ್ಲಗೆ. "ಈ ಕಾಗದ ಬಂದದ್ದು ನಮ್ಮಜ್ಜಿಗೆ. ಇನ್ನೂರ ನಾಲ್ಕು ಯಾರು ಅಂತ ಹುಡುಕಿ ಸಾಕಾಗಿ, ಕೊನೆಗೆ ಕಥೆ ಬರೆದೆ. ಅವರ ಕಡೆಯವರು ಯಾರಾದ್ರೂ ನೋಡಲಿ ಅಂತ."

ಚೀಟಿ ಓದಿ ಹಣೆಬರಹ ಹೇಳುವ ಜಂಬ ಅಲ್ಲೇ ಮಣ್ಣುಪಾಲಾಯಿತು. ಇಷ್ಟು ದಿನ ಊರಿನವರ ಮೇಲೆಲ್ಲ ಚೆಲ್ಲಿದ ತಾತ್ಸಾರ ಈಗ ತನ್ನ ಮೇಲೆಯೇ ತಿರುಗಿತು. ನೆಂಟರು ಆಡಿಕೊಂಡದ್ದನ್ನು ತಾನೂ ಒಳಗೊಳಗೇ ನಂಬಿದ್ದಳು! ಅಂಗಿ ಇನ್ನೂ ಇದೆ ಎಂದು ಹೇಳುವಷ್ಟರಲ್ಲಿ ಅವಳು ಬಿಕ್ಕಿ ಅಳುತ್ತಿದ್ದಳು.

ಮರುದಿನ ಅಂಗಿ ಒಣಗಿತು, ದೃಶ್ಯವೂ ಮುಗಿಯಿತು.

ಸಿನಿಮಾ ಪ್ರಸಾರವಾದ ಸಂಜೆ ಅವನು ಅವರ ಮನೆಗೆ ಬಂದ. ಅವನು ಯಾರ ಮೊಮ್ಮಗ ಎಂದು ಸೂಜಿ ಅಜ್ಜಿಗೆ ಮೊದಲೇ ಹೇಳಿದ್ದಳು. ಸೂಜಿ ಅಂದುಕೊಂಡಷ್ಟೇ ಕೆಟ್ಟದಾಗಿತ್ತು ಸಿನಿಮಾ. ಕ್ಯಾಪ್ಟನ್ನನ ಕೂದಲು ಕೊನೆಯವರೆಗೂ ಬಾಚಿದಂತೆಯೇ ಇತ್ತು. ಹಾಡೂ ಇತ್ತು. ಅದರ ನಡುವೆ ಮೂರು ನಿಮಿಷ ಒಬ್ಬ ಅಂಗಿ ಬಿಚ್ಚಿದ, ಇನ್ನೊಬ್ಬ ತೊಟ್ಟ, ನಡುಗುವ ಕೈ ನಿಂತಿತು. ಆ ಮೂರು ನಿಮಿಷ ಅಜ್ಜಿ ಕಣ್ಣು ಮಿಟುಕಿಸಲಿಲ್ಲ.

ಮುಗಿದ ಮೇಲೆ ಪೆಟ್ಟಿಗೆ ತೆಗೆದು ಅಂಗಿಯನ್ನು ಅವನ ಕೈಗಿಟ್ಟರು.

"ನಿಮ್ಮ ಮನೇದಪ್ಪ ಇದು. ಹುಷಾರಾಗಿ ಇಟ್ಟಿದ್ದೀನಿ." ಆಮೇಲೆ ಮೊಮ್ಮಗಳ ಕಡೆ ತಿರುಗಿದರು. "ನನ್ನ ತಮ್ಮನಿಗೆ ಫೋನ್ ಮಾಡಿಕೊಡೇ. ಆ ಬಾಯಿಬಡುಕನ ಹತ್ರ ಸ್ವಲ್ಪ ಮಾತಿದೆ."

ಫೋನ್ ಹಿಡಿದು ಅಜ್ಜಿ ಒಳಗೆ ಹೋದರು. ಇಬ್ಬರೇ ಉಳಿದರು.

"ನಿಮಗೊಂದು ಮಾತು ಹೇಳಬೇಕಿತ್ತು... ಅದು... ನಾನು..."

'ಪುಟಗಟ್ಟಲೆ ಬರೆಯುವವನಿಗೆ ಒಂದು ವಾಕ್ಯ ಬರುತ್ತಿಲ್ಲ ನೋಡು!' ಎಂದುಕೊಂಡ ಸೂಜಿಯ ಕಣ್ಣು ಅವನ ಕೈಗಳ ಮೇಲೆ ಬಿತ್ತು. ಅವು ನಡುಗುತ್ತಿದ್ದವು.

ಅವಳು ಅಂಗಿಯನ್ನು ತೆಗೆದುಕೊಂಡು, ಬಿಡಿಸಿ, ಅವನ ಹೆಗಲಿಗೆ ಹೊದಿಸಿದಳು. ಕಾಲರ್ ನೇರ ಮಾಡಿದಳು.

"ಕೈ ನಡುಗಿದರೆ ಸಂದೇಶ ಹೋಗಲ್ಲ. ಈಗ ಹೇಳು."

"ಬದುಕಿರೋವರೆಗೂ ನಿನ್ನ ಹತ್ರ ಬೈಸಿಕೊಂಡೇ ಇರಬೇಕು ಅನ್ಸುತ್ತೆ."

"ತಲುಪಿತು," ಎಂದಳು ಸೂಜಿ. ಕಾಲರಿನ ಮೇಲಿದ್ದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ.