ಭಾನುವಾರದ ಸಾಕ್ಷಿ

ಏಟು ಬಿದ್ದಾಗ ಅಂಜನಾಳ ಕಣ್ಣು ಮುಚ್ಚಿತ್ತು. ಅವಳೊಬ್ಬಳದೇ ಅಲ್ಲ, ಬನಹಟ್ಟಿಯ ಆ ತಗಡಿನ ಪ್ರಾರ್ಥನಾ ಮನೆಯಲ್ಲಿದ್ದ ಎಲ್ಲರ ಕಣ್ಣೂ ಮುಚ್ಚಿದ್ದವು. ಬೀಳಗಿ ಕಡೆಯ ತನ್ನೂರು ಹಿನ್ನೀರಲ್ಲಿ ಮುಳುಗಿದ ಮೇಲೆ ಇಲ್ಲಿಗೆ ಬಂದ ಸಭೆಯ ಹಿರಿಯ ನಾಮದೇವ ಪ್ರಾರ್ಥನೆಗೆ ನಿಂತರೆ, ಆಮೆನ್ ಅನ್ನುವ ತನಕ ಯಾರೂ ರೆಪ್ಪೆ ಎತ್ತುವಂತಿರಲಿಲ್ಲ. ಆವತ್ತು ಆಮೆನ್ ಬರಲೇ ಇಲ್ಲ.

ತಲೆಯ ಹಿಂದೆ ಏನೋ ಸಿಡಿಯಿತು. ಅವಳು ದುಡಿದಿದ್ದ ಶೆಡ್ಡಿನ ಮಗ್ಗಗಳೆಲ್ಲ ಕಿವಿಯೊಳಗೇ ಓಡಿದ ಹಾಗಾಯಿತು. ಮುಖ ಅಡಿಯಾಗಿ ಬಿದ್ದವಳು ಹೇಗೋ ಹೊರಳಿ ಕಣ್ಣು ಬಿಟ್ಟರೆ, ಎದುರಿಗೆ ಕಲ್ಮೇಶ. ಅವನ ಕೈಯಲ್ಲಿ ಕಬ್ಬಿಣದ ರಾಡು. ಅದರ ತುದಿಗೆ ಅವಳದೇ ಕೂದಲು ರಕ್ತದಲ್ಲಿ ಅಂಟಿಕೊಂಡಿತ್ತು.

ಈ ಹುಡುಗನ ಮೇಲೆಯೇ ಅವಳು ಜೀವ ಇಟ್ಟಿದ್ದಳು.

"ಹಿಡೀರಿ ಅವನ್ನ," ಎಂದು ಯಾರೋ ಕೂಗಿದರು. ಪ್ರಾರ್ಥನೆಗೆ ಜೋಡಿಸಿದ್ದ ಕೈಗಳೇ ಮುಷ್ಟಿಯಾದವು. ಅವನನ್ನು ಗೋಡೆಗೆ ಒತ್ತಿ ಬಡಿದರು. ತುಟಿ ಸೀಳಿತು, ಒಂದು ಹಲ್ಲು ಚಾಪೆಯ ಮೇಲೆ ಬಿತ್ತು. ಅವನು ನಾ ಅಲ್ಲ ಎನ್ನಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಅಷ್ಟು ಗದ್ದಲದೊಳಗೂ ಅವಳನ್ನೇ ನೋಡುತ್ತಿದ್ದ. ಅಂಜನಾಳಿಗೆ ಕಣ್ಣು ಕತ್ತಲಿಟ್ಟಿತು.

ಕಲ್ಮೇಶನ ಅಣ್ಣ ಜಕ್ಕಪ್ಪನದು ಪಾವರ್‌ಲೂಮ್ ಶೆಡ್ಡು. ಅಲ್ಲಿ ಅಂಜನಾಳ ಅಪ್ಪ ಗಂಗಾರಾಮ ನೇಯುತ್ತಿದ್ದ, ಅವಳು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಒಯ್ಯುವ ನೆಪದಲ್ಲಿ ಕಲ್ಮೇಶ ಬೇಡದಿದ್ದಾಗಲೂ ಬಂದು ನಿಲ್ಲುತ್ತಿದ್ದ. ನೂಲು ನೋಡುವವನ ಹಾಗೆ ಬಗ್ಗಿ, ಅವಳ ಹಣೆಯ ಮೇಲೆ ಕೂತ ಹತ್ತಿಯ ಎಳೆ ನೋಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅವಳು ಆ ಎಳೆ ಒರೆಸಿಕೊಳ್ಳುತ್ತಿರಲಿಲ್ಲ.

"ನಿಮ್ಮ ದೇವರದು ಒಂದು ಫೋಟೋನರ ತೋರಸು," ಎಂದಿದ್ದ ಒಮ್ಮೆ. "ಕಾಣದವನ್ನ ಹೆಂಗ ನಂಬತಿ?"

"ನನ್ನ ಮ್ಯಾಲೆ ಪ್ರೀತಿ ಐತಿ ಅಂತೀರಲ್ಲ, ಅದನ್ನ ತೋರಸ್ರಿ ನೋಡೂಣು."

ಅವನು ಎದೆ ಮುಟ್ಟಿಕೊಂಡ.

"ಅಲ್ಲಿ ಅಂಗಿ ಗುಂಡಿ ಕಾಣಸ್ತೈತಿ. ಅದೂ ಒಡದೈತಿ."

ಅವನು ನಕ್ಕಿದ್ದ. ಮಾಲೀಕರ ಮನೆಯ ಹುಡುಗ ಹಾಗೆ ನಾಚಿ ನಗುವುದನ್ನು ಅವಳು ಅಲ್ಲಿಯತನಕ ಕಂಡಿರಲಿಲ್ಲ.

ಇಂಥ ಸುಖಕ್ಕೆ ಕಲ್ಲು ಹಾಕಿದವನು ಜಕ್ಕಪ್ಪ. ಅಮಾವಾಸ್ಯೆಗೆ ಮಗ್ಗ ನಿಲ್ಲುವುದು ಊರ ರೂಢಿ. ಗಂಗಾರಾಮ ಭಾನುವಾರವೂ ರಜೆ ಕೇಳಿದ. "ಕಾಣದ ದೇವರಿಗೆ ನನ್ನ ಮಗ್ಗ ನಿಲ್ಲಸ್ತಿ ಏನಲೇ," ಎಂದು ಜಕ್ಕಪ್ಪ ಕಟ್ಟಿಗೆಯ ದಾಂಡು ತಗೊಂಡು ಮುದುಕನ ಮಣಿಕಟ್ಟಿಗೆ ಬಡಿದ. ಎಲುಬು ಮುರಿದ ಸದ್ದು ಮಗ್ಗದ ಸದ್ದಿನಲ್ಲೂ ಅಂಜನಾಳಿಗೆ ಕೇಳಿಸಿತ್ತು. ಪೊಲೀಸ್ ಕೇಸಾಯಿತು, ಅಪ್ಪ ಮಗಳು ಶೆಡ್ಡು ಬಿಟ್ಟರು. ಅಣ್ಣನ ಕಣ್ಣು ತಪ್ಪಿಸಿ ಕಲ್ಮೇಶ ರಬಕವಿ ರಸ್ತೆಯಲ್ಲಿ ಅವಳಿಗೆ ಸಿಗುತ್ತಿದ್ದ. ಆಗಲೇ ಅವಳು ಕರೆದದ್ದು.

"ಬರೂ ಭಾನುವಾರ ಪ್ರಾರ್ಥನಿಗೆ ಬರ್ರಿ. ನಾ ಸಾಕ್ಷಿ ಹೇಳತೀನಿ."

ಜಕ್ಕಪ್ಪ ಸತ್ತರೆ ಸಾಕು ಎಂದು ದಿನಾ ಶಪಿಸುತ್ತಿದ್ದವಳ ಎದೆಯಿಂದ ಆ ದ್ವೇಷ ಒಂದು ಬೆಳಿಗ್ಗೆ ಇಳಿದುಹೋಗಿತ್ತು. ದೇವರು ಇಳಿಸಿದ ಎಂದು ಎಲ್ಲರೆದುರು ನಿಂತು ಹೇಳಬೇಕೆಂದಿದ್ದಳು. ಪ್ರಾರ್ಥನಾ ಮನೆಯವರು ಇದಕ್ಕೇ ಸಾಕ್ಷಿ ಅನ್ನುತ್ತಿದ್ದರು. ನಿಂತು ಹೇಳುವುದಕ್ಕೆ ಮೊದಲೇ ರಾಡು ಬಿತ್ತು.

ಮರುದಿನ ಜಮಖಂಡಿಯ ದವಾಖಾನೆಯಲ್ಲಿ, ತಲೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಗ ಅಪ್ಪ ಹಲ್ಲು ಕಡಿದ.

"ಅವನೇ ಹೊಡದಾನ. ಕಣ್ಣಾರೆ ಕಂಡೇನಿ."

"ಅಪ್ಪಾ, ಪ್ರಾರ್ಥನಿ ನಡದಿತ್ತು. ನಿನ್ನ ಕಣ್ಣು ತೆರದಿದ್ವು ಏನ?"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಅಪ್ಪನ ಬಾಯಿ ಮುಚ್ಚಿಸಿದಷ್ಟು ಸುಲಭವಾಗಿ ಅವಳು ತನ್ನ ಕಣ್ಣಿನ ಬಾಯಿ ಮುಚ್ಚಿಸಲಾರಳು. ರೆಪ್ಪೆ ಮುಚ್ಚಿದರೆ ಸಾಕು, ಕಲ್ಮೇಶ, ಅವನ ಕೈಯ ರಾಡು, ತನ್ನ ಕೂದಲು. ಕಾಣದ ದೇವರ ಮೇಲೂ ಅವಳಿಗೆ ಸಿಟ್ಟು ಬಂತು. ಆ ಹೊತ್ತಿನಲ್ಲಿ ನೀ ಎಲ್ಲಿ ಹೋಗಿದ್ದಿ ಎಂದು ಕೇಳಿ ಅತ್ತಳು.

ಹೇಳಿಕೆ ಬರೆದುಕೊಳ್ಳಲು ಹವಾಲ್ದಾರ ಬಂದ. ಅವನ ಹಿಂದೆ, ಪೊಲೀಸನೊಬ್ಬನ ಕೈಯಲ್ಲಿ ರಟ್ಟೆ ಕೊಟ್ಟು ಕಲ್ಮೇಶ ಬಂದ. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಕಡೆಗೆ ಜಕ್ಕಪ್ಪನೂ ಬಂದ, ಕೈಯಲ್ಲಿ ಬಾಳೆಹಣ್ಣು ಹಿಡಿದು.

"ನಮ್ಮ ಹುಡುಗನ ಕಡಿಂದ ತಪ್ಪಾತು, ತಂಗಿ," ಎಂದ. "ಸಿಟ್ಟಿನ ಕೈಗೆ ಬುದ್ಧಿ ಕೊಟ್ಟಾನ. ಇದ್ದದ್ದು ಇದ್ದಂಗ ಹೇಳಿಬಿಡು."

ಕಲ್ಮೇಶ ತಲೆ ತಗ್ಗಿಸಿದ. ಅವಳು ಒಂದು ಮಾತಾಡಿದರೆ ಅವನು ಜೈಲಿಗೆ. ಆಡದಿದ್ದರೂ ಉಳಿದವರೆಲ್ಲ ಆಗಲೇ ಆಡಿಬಿಟ್ಟಿದ್ದರು.

"ಹೊಡದಾಂವ ಇವನೇ ಹೌದಲ್ಲ?" ಹವಾಲ್ದಾರ ಕೇಳಿದ.

ಅವಳು ಕಲ್ಮೇಶನನ್ನು ನೋಡಿದಳು. ರಾಡು ಕಂಡದ್ದು ಖರೆ, ರಕ್ತ ಕಂಡದ್ದೂ ಖರೆ. ಆದರೆ ಬಡಿಸಿಕೊಳ್ಳುತ್ತಲೂ ತನ್ನನ್ನೇ ನೋಡುತ್ತಿದ್ದ ಮುಖವನ್ನೂ ಅವಳು ಕಂಡಿದ್ದಳಲ್ಲ. ಎಣಿಸುತ್ತ ಕೂತರೆ ಎಲ್ಲ ಅವನ ವಿರುದ್ಧವೇ ಬರುತ್ತಿತ್ತು. ಅವಳು ಎಣಿಸುವುದು ಬಿಟ್ಟಳು.

"ಅಲ್ರಿ. ಇವರು ಹೊಡದಿಲ್ಲ."

"ಮತ್ತ ಯಾರು ಹೊಡದ್ರು? ಕಂಡಿಯೇನು?"

"ಕಂಡಿಲ್ರಿ."

"ಕಾಣದೇ ಹೆಂಗ ಹೇಳತಿ?"

"ನಾ ದಿನಾ ಮಾಡೂದು ಅದೇ ಐತ್ರಿ, ಸಾಹೇಬ್ರ. ನಂಬೇನಿ. ಹಂಗ ಬರಕೋರಿ."

ಪೊಲೀಸ ನಕ್ಕ. ಕಲ್ಮೇಶ ಅಲ್ಲೇ ಕುಸಿದು ಕೂತ. ಬಡಿತಕ್ಕೆ ಬಾಯಿ ಬಿಡದವನು ಈ ಮಾತಿಗೆ ಗಳಗಳ ಅತ್ತ.

"ನಮ್ಮ ಅಣ್ಣ ಹೊಡದಾನ್ರಿ," ಎಂದ. "ಎರಡನೇ ಏಟು ಬೀಳೂದ್ರಾಗ ರಾಡು ಕಸಗೊಂಡೆ. ಅಣ್ಣ ಹಿಂದಿನ ಬಾಗಲದಿಂದ ಹೋದ. ಅಪ್ಪ ಸತ್ತ ಮ್ಯಾಲೆ ನನ್ನ ಸಾಕಿದಾಂವ್ರಿ ಅಂವ, ಅದಕ್ಕ ಸುಮ್ಮನಿದ್ದೆ. ತಪ್ಪು ನನ್ನದ ಐತಿ. ಊಟಕ್ಕ ಕುಂತಾಗ, ಅಂಜನಾ ಭಾನುವಾರ ಸಾಕ್ಷಿ ಹೇಳತಾಳಂತ ಅಂದ್ನಿ. ಅಂವ ಕೋರ್ಟಿನ ಸಾಕ್ಷಿ ಅಂತ ತಿಳಕೊಂಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತನ್ನನ್ನು ಕ್ಷಮಿಸಲು ಎದ್ದು ನಿಲ್ಲಬೇಕಿದ್ದವಳ ತಲೆಯನ್ನೇ ಜಕ್ಕಪ್ಪ ಒಡೆದಿದ್ದ.

ಬಾಳೆಹಣ್ಣು ನೆಲಕ್ಕೆ ಬಿತ್ತು. "ಹೆಣ್ಣಿನ ಸಲುವಾಗಿ ಅಣ್ಣನ್ನ ಹಿಡಕೊಡತಿ ಏನಲೇ," ಎನ್ನುತ್ತ ಜಕ್ಕಪ್ಪ ಸಲಾಯಿನ್ ಹಾಕುವ ಕಬ್ಬಿಣದ ಸ್ಟ್ಯಾಂಡು ಕಿತ್ತು ತಮ್ಮನ ತಲೆಗೆ ಬೀಸಿದ. ಮತ್ತೊಂದು ಸಲ ಎತ್ತುವಷ್ಟರಲ್ಲಿ ಇಬ್ಬರೂ ಪೊಲೀಸರು ಮೇಲೆ ಬಿದ್ದು, ಕೈ ತಿರುವಿ, ಗಲ್ಲ ನೆಲಕ್ಕೆ ಒತ್ತಿ ಹಿಡಿದರು. ಅವನು ಬೈಯುತ್ತಲೇ ಇದ್ದ. ಎಳೆದುಕೊಂಡು ಹೋದ ಮೇಲೂ ಪಡಸಾಲೆಯಿಂದ ಅವನ ದನಿ ಕೇಳುತ್ತಿತ್ತು. ಈ ಸಲ ಗಂಗಾರಾಮನ ಕಣ್ಣು ತೆರೆದೇ ಇದ್ದವು.

ಅಂಜನಾ ಮಂಚ ಇಳಿದು, ಕಲ್ಮೇಶನ ಹಣೆಗೆ ಸೆರಗು ಒತ್ತಿ ಹಿಡಿದಳು.

"ನನಗಿನ್ನ ಮನಿ ಇಲ್ಲ ನೋಡು," ಎಂದ ಅವನು. ಮುಖ ಎತ್ತಿ ಕೇಳಿದ, "ನಾ ಹೊಡದಿಲ್ಲ ಅಂತ ನಿನಗ ಹೆಂಗ ಗೊತ್ತಾತು?"

"ಗೊತ್ತಿರಲಿಲ್ರಿ."

ಅವನು ತೆರೆದಿದ್ದ ಒಂದೇ ಕಣ್ಣಿನಿಂದ ಅವಳನ್ನು ನೋಡಿದ. ಆಮೇಲೆ, ಅಪ್ಪ ಅಲ್ಲೇ ನಿಂತಿದ್ದಾನೆ ಎಂಬ ಪರಿವೆಯಿಲ್ಲದೆ, "ನನ್ನ ಮದಿವಿ ಆಗತಿಯೇನು?" ಎಂದ.

ಅಂಜನಾ ಅಪ್ಪನ ಕಡೆ ನೋಡಿದಳು. ಗಂಗಾರಾಮ ಇಬ್ಬರ ಮುಖವನ್ನೂ ನೋಡಿದ.

"ಮೊದಲ ಅವನ ತಲಿಗೆ ಹೊಲಿಗಿ ಹಾಕಸು," ಎಂದ. "ಆಮ್ಯಾಲೆ ನನ್ನ ಕೇಳಲಿ."